ಪಾರ್ವತಮ್ಮನ ಪಾಲಿನ ಕುದುರೆಗಳು

ಸಕಲೇಶಪುರದ ಸುತ್ತಮುತ್ತ ಯಾರ ಮನೆಯ ಬಿಂದಿಗೆ ಎತ್ತಿ ನೋಡಿದರೂ ಅದರ ಕುತ್ತಿಗೆಯ ಮೇಲೆ ಪಾರ್ವತಮ್ಮನ ಕೈಬರಹ ಸಿಗುತ್ತದೆ. ಮದುವೆಗೋ ಮನೆ ಒಕ್ಕಲಿಗೋ ಪಾತ್ರೆ ಕೊಡುವವರು ಹೆಸರು ಬರೆಸದೆ ಕೊಟ್ಟರೆ ನಮ್ಮ ಕಡೆ ಅದು ಕೊಟ್ಟ ಲೆಕ್ಕಕ್ಕೇ ಬರುವುದಿಲ್ಲ. ಮುಂದೆ ಅದೇ ಮನೆಗೆ ಹೋದಾಗ, ನೀರು ತಂದುಕೊಟ್ಟ ಚೊಂಬಿನ ಮೇಲೆ ತಮ್ಮ ಹೆಸರು ಇದೆಯೋ ಇಲ್ಲವೋ ಎಂದು ಕಣ್ಣು ಹಾಯಿಸದೆ ಕುಡಿಯುವ ನೆಂಟರು ಇನ್ನೂ ಹುಟ್ಟಿಲ್ಲ. ಹಾಗಾಗಿ ಪಾತ್ರೆ ಅಂಗಡಿ ಎಂದಮೇಲೆ ಹೆಸರು ಬರೆಯುವ ಮಿಷನ್ ಇರಲೇಬೇಕು. ಪೆನ್ನಿನ ಹಾಗೆ ಹಿಡಿದು ಒತ್ತಿದರೆ ಗುಂಯ್ ಎನ್ನುತ್ತಾ ಲೋಹದ ಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುವ ಆ ಮಿಷನ್, ಪಾರ್ವತಮ್ಮ ಸೊಸೆಯಾಗಿ ಬಂದ ಮನೆಯ ಅಂಗಡಿಯಲ್ಲೂ ಇತ್ತು. ಭಾವ ದೇವೀರಪ್ಪ ಬರೆದರೆ ಅಕ್ಷರಗಳು ಬಟ್ಟಲಿನ ಅಂಚಿನಿಂದ ಜಾರಿ ಬೀಳುವಂತಿರುತ್ತಿದ್ದವು. ಗಂಡ ತೋಟಪ್ಪನಿಗೆ ಅಷ್ಟು ಹೊತ್ತು ಕೂರುವ ತಾಳ್ಮೆ ಇರಲಿಲ್ಲ. ಒಂದು ದಿನ ಪಾರ್ವತಮ್ಮ, “ಎಲ್ಲಿ, ಇತ್ಲಾಗೆ ಕೊಡಿ” ಎಂದು ಇಸಿದುಕೊಂಡವಳು ಮತ್ತೆ ಅದನ್ನು ಯಾರ ಕೈಗೂ ಕೊಡಲಿಲ್ಲ.

ಬರೆದದ್ದೆಲ್ಲ ಗಂಡಸರ ಹೆಸರು. ಪಾತ್ರೆ ಆರಿಸುವವಳು ಹೆಂಡತಿ, ಬಗಲಲ್ಲಿ ಹೊತ್ತು ಬಸ್ಸು ಹತ್ತುವವಳು ಹೆಂಡತಿ, ಹೆಸರು ಮಾತ್ರ ಯಜಮಾನರದ್ದು. ಪಾರ್ವತಮ್ಮನಿಗೆ ಇದು ಮೊದಲು ತಮಾಷೆಯಾಗಿ ಕಂಡಿತ್ತು, ಆಮೇಲೆ ಕಿರಿಕಿರಿ ಶುರುವಾಯಿತು.

ತೊಂಬತ್ತೊಂದರಲ್ಲಿ ಬಿಸಿಲೆ ರಸ್ತೆಯ ಒಂದು ಹಳೇ ಎಸ್ಟೇಟ್ ಕೈ ಬದಲಾಯಿತು. ದೊರೆಗಳ ಕಾಲದಿಂದ ಬಂಗಲೆಯಲ್ಲಿದ್ದ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಗುಡ್ಡೆ ಹಾಕಿ ಹರಾಜು ಮಾಡಿದರು. ತೋಟಪ್ಪ ಹಳೇ ತಾಮ್ರಕ್ಕೆಂದು ಹೋದವನು ಒಂದು ಹಂಡೆ ತಂದ. ಹಂಡೆಯನ್ನು ಬೋರಲು ಹಾಕಿದಾಗ ಒಣಹುಲ್ಲಿನ ಜೊತೆ ಟಣ್ ಎಂದು ಕೆಳಗೆ ಬಿದ್ದದ್ದು ಒಬ್ಬ ಕುದುರೆ ಸವಾರ. ಸೀಸದ್ದು, ನಾಲ್ಕು ಬೆರಳೆತ್ತರ. ಮೈತುಂಬ ಉಕ್ಕಿನ ಕವಚ, ಒಂದು ಕೈಯಲ್ಲಿ ಭರ್ಜಿ, ಇನ್ನೊಂದರಲ್ಲಿ ಗುರಾಣಿ. ಕುದುರೆಗೂ ಗೊರಸಿನವರೆಗೆ ಇಳಿಬಿದ್ದ ಕೆಂಪು ಬಟ್ಟೆ. ಯುರೋಪಿನಲ್ಲಿ ಹಿಂದೊಂದು ಕಾಲಕ್ಕೆ ನೈಟ್ ಎಂದು ಕರೆಸಿಕೊಂಡು ರಾಜರಿಗಾಗಿ ಕಾದಾಡುತ್ತಿದ್ದವರು ಇವರು ಎಂಬುದು ಅವಳಿಗೆ ಆಮೇಲೆ ತಿಳಿದ ವಿಷಯ. ಆವತ್ತು ಅವಳು ನೋಡಿದ್ದು ಬಣ್ಣದ ಕೆಲಸವನ್ನು.

ಹೆಬ್ಬೆರಳ ಉಗುರಿನಷ್ಟು ಗುರಾಣಿಯಲ್ಲಿ ಮೂರು ಸಿಂಹಗಳಿದ್ದವು. ಅಂಗಡಿಯ ಭೂತಗನ್ನಡಿ ಹಿಡಿದರೆ ಮೂರಕ್ಕೂ ನಾಲಿಗೆ, ಮೂರಕ್ಕೂ ಪಂಜದ ಉಗುರು. ಅದೇ ಸಿಂಹಗಳು ಕುದುರೆಯ ಬಟ್ಟೆಯ ಮೇಲೆ, ಬಟ್ಟೆ ಮಡಿಕೆ ಬಿದ್ದಲ್ಲಿ ಸಿಂಹವೂ ಅರ್ಧ ಮಡಿಕೆಯೊಳಗೆ. ಕುದುರೆಯ ಮೂಗಿನ ಹೊಳ್ಳೆಯೊಳಗೆ, ಯಾರೂ ಬಗ್ಗಿ ನೋಡದ ಜಾಗದಲ್ಲಿ, ತಿಳಿ ಗುಲಾಬಿ ಬಣ್ಣ. ಇದನ್ನು ಬರೆದವರು ಉಸಿರು ಬಿಗಿಹಿಡಿದೇ ಬರೆದಿದ್ದಾರೆ ಎಂದು ಪಾರ್ವತಮ್ಮನಿಗೆ ಗೊತ್ತಾಯಿತು. ಚಮಚದ ಹಿಡಿಯ ಮೇಲೆ ಉದ್ದದ ಹೆಸರು ಬರೆಯುವಾಗ ಅವಳೂ ಹಾಗೇ ಉಸಿರು ಹಿಡಿಯುತ್ತಿದ್ದಳು. ತನ್ನಂಥದೇ ಕೆಲಸದವರು ಇನ್ನೊಬ್ಬರು ಪ್ರಪಂಚದಲ್ಲಿದ್ದರಲ್ಲ ಎಂದು ಅವಳಿಗೆ ವಿಪರೀತ ಖುಷಿಯಾಯಿತು. ಸವಾರನನ್ನು ಸೆರಗಿನಲ್ಲಿ ಒರೆಸಿ ಗಲ್ಲಾಪೆಟ್ಟಿಗೆಯ ಪಕ್ಕ ನಿಲ್ಲಿಸಿಕೊಂಡಳು.

ಆ ಬಂಗಲೆಯಲ್ಲಿ ಕೆಲಸಕ್ಕಿದ್ದ ರಾಮಮ್ಮ ಒಂದು ಸಂತೆಯ ದಿನ ಪಾತ್ರೆ ಕೊಳ್ಳಲು ಬಂದವಳು ಅದನ್ನು ಕಂಡು ನಿಂತೇಬಿಟ್ಟಳು.

“ಅಯ್ಯೋ, ಇದು ದೊರೆಸಾನೀದು ಕಣವ್ವ. ಹನ್ನೊಂದಿದ್ವು. ಒಂದ್ರಂಗೆ ಇನ್ನೊಂದಿಲ್ಲ. ಕೋಳಿ ಪುಕ್ಕದಲ್ಲೇ ಧೂಳು ಹೊಡೀಬೇಕಿತ್ತು, ಬಟ್ಟೆ ಮುಟ್ಸಂಗಿರ್ಲಿಲ್ಲ. ಹರಾಜಿನ ದಿನ ಸಿಕ್‌ಸಿಕ್ಕೋರು ಎತ್ಕೊಂಡ್ ಹೋಗ್ಬುಟ್ರು.”

“ಯಾರ್ಯಾರು ಹೇಳು.”

ರಾಮಮ್ಮನಿಗೆ ನೆನಪಿದ್ದದ್ದು ಮೂವರು. ಉಳಿದವರನ್ನು ಪಾರ್ವತಮ್ಮನೇ ಪತ್ತೆ ಹಚ್ಚಿದಳು. ಹನ್ನೊಂದನ್ನೂ ಒಟ್ಟುಗೂಡಿಸಲು ಆರು ವರ್ಷ ಹಿಡಿಯಿತು. ಒಬ್ಬ ಸವಾರ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದ್ದ. ಇನ್ನೊಬ್ಬ ಆಲೂರಿನಲ್ಲಿ ಒಬ್ಬರ ಟಿವಿಯ ಮೇಲೆ ಪ್ಲಾಸ್ಟಿಕ್ ಗುಲಾಬಿಗಳ ನಡುವೆ ಭರ್ಜಿ ಹಿಡಿದು ನಿಂತಿದ್ದ. ಕೇಳಿದ ತಕ್ಷಣ ಕೊಟ್ಟವರು ಕಡಿಮೆ. ಅಲ್ಲಿಯವರೆಗೆ ಅದರ ಕಡೆ ತಿರುಗಿಯೂ ನೋಡದವರಿಗೆ, ಇನ್ನೊಬ್ಬರು ಕೇಳಿದ ಕೂಡಲೇ ಅದು ತಾತ ಮುತ್ತಾತನ ಆಸ್ತಿಯಾಗಿಬಿಡುತ್ತಿತ್ತು. ಪಾರ್ವತಮ್ಮ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಮದುವೆಯಲ್ಲಿ ಅವಳಪ್ಪ ಕೊಟ್ಟಿದ್ದ ಪಾತ್ರೆಗಳು ಅಟ್ಟದ ಮೇಲೆ ಪೆಟ್ಟಿಗೆಯಲ್ಲಿದ್ದವು. ಸವಾರನೊಬ್ಬ ಸಿಕ್ಕಾಗಲೆಲ್ಲ ಪೆಟ್ಟಿಗೆಯಿಂದ ಒಂದು ಡಬರಿಯೋ ಕೊಳಗವೋ ಹೊರಗೆ ಹೋಗುತ್ತಿತ್ತು.

ಮಗ್ಗೆಯ ಗಿಡ್ಡಯ್ಯನದಂತೂ ದೊಡ್ಡ ರಾಮಾಯಣ. ಅವನು ಕುದುರೆಯ ಮೇಲೆ ಕೂತ ದೇವರೆಂದುಕೊಂಡು ಸವಾರನನ್ನು ಗೂಡಿನಲ್ಲಿಟ್ಟು, ದಿನಾ ಕುದುರೆಯ ಹಣೆಗೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗುತ್ತಿದ್ದ.

“ದೇವ್ರನ್ನ ಯಾರಾದ್ರೂ ಮಾರ್ಕತಾರಾ ತಾಯಿ?” ಎಂದ.

“ಮಾರ್ಬೇಡಪ್ಪ. ದೇವ್ರಿಗೆ ದೇವ್ರು ಬದ್ಲಾಯ್ಸು,” ಎಂದು ಪಾರ್ವತಮ್ಮ ತನ್ನ ತವರಿನ ಹಿತ್ತಾಳೆ ಬಸವಣ್ಣನನ್ನು ಚೀಲದಿಂದ ತೆಗೆದು ಜಗುಲಿಯ ಮೇಲಿಟ್ಟಳು. ಗಿಡ್ಡಯ್ಯ ಬಸವಣ್ಣನ ತೂಕ ಕೈಯಲ್ಲೇ ನೋಡಿ ಒಪ್ಪಿದ. ಆ ಕುದುರೆಯ ಹಣೆಯ ಕುಂಕುಮ ಎಷ್ಟು ಮಾಡಿದರೂ ಪೂರ್ತಿ ಹೋಗಲಿಲ್ಲ. ಅವಳೂ ಇರಲಿ ಎಂದು ಬಿಟ್ಟಳು.

ಮನೆಯಲ್ಲಿ ಇದಕ್ಕೆ ಒಪ್ಪಿಗೆ ಇದ್ದದ್ದು ತೋಟಪ್ಪನದ್ದೊಂದೇ. ಅವನಿಗೆ ಅದರಲ್ಲೇನು ಚೆಂದ ಎಂದು ಕೊನೆಯವರೆಗೂ ಅರ್ಥವಾಗಲಿಲ್ಲ, ಆದರೂ ಬಡಗಿಯನ್ನು ಕರೆಸಿ ಗಾಜಿನ ಬೀರು ಮಾಡಿಸಿಕೊಟ್ಟ. ಭಾವನ ಹೆಂಡತಿ ಮಾತ್ರ ಬಂದ ನೆಂಟರಿಗೆಲ್ಲ ಬೀರು ತೋರಿಸಿ, “ಮಕ್ಳಿಲ್ವಲ್ಲ, ಪಾಪ, ಗೊಂಬೆ ಸಾಕ್ತಾಳೆ” ಎನ್ನುತ್ತಿದ್ದಳು. ಆ ‘ಪಾಪ’ ಪಾರ್ವತಮ್ಮನಿಗೆ ಚುಚ್ಚುತ್ತಿತ್ತು. ಒಮ್ಮೆ ನೆಂಟರ ಮುಂದೆಯೇ ಹೇಳಿದಳು: “ಮಕ್ಳಿದ್ದಿದ್ರೂ ಇಟ್ಕೊತಿದ್ದೆ ಅಕ್ಕ. ಚೆನ್ನಾಗೈತೆ ಅಂತ ಇಟ್ಕೊಂಡಿದೀನಿ. ಅದಕ್ಕೂ ಇದಕ್ಕೂ ಗಂಟು ಹಾಕ್ಬೇಡಿ.”

ಹನ್ನೊಂದನೆಯವನು ಬೀರು ಸೇರಿದ ವರ್ಷವೇ ತೋಟಪ್ಪ ಎದೆನೋವೆಂದು ಆಸ್ಪತ್ರೆಗೆ ಹೋದವನು ವಾಪಸ್ ಬರಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಪಾರ್ವತಮ್ಮ ನೋಡುತ್ತಾಳೆ, ನಡುಮನೆಯಲ್ಲಿ ಬೀರು ಇದ್ದ ಜಾಗ ಖಾಲಿ. ದೇವೀರಪ್ಪ ಅದನ್ನು ಆಳುಗಳ ಕೈಲಿ ಅಟ್ಟಕ್ಕೆ ಹಾಕಿಸಿದ್ದ.

“ಗಂಡ ಸತ್ತ ಮನೇಲಿ ಬಣ್ಣಬಣ್ಣದ ಗೊಂಬೆ ಜೋಡಿಸ್ಕೊಂಡ್ ಕೂತ್ರೆ ಜನ ಏನಂತಾರೆ?” ಎಂದ.

ಪಾರ್ವತಮ್ಮ ಅದೇ ಆಳುಗಳನ್ನು ಕರೆದು ಬೀರು ಕೆಳಗಿಳಿಸಿದಳು, ಇದ್ದ ಜಾಗದಲ್ಲೇ ಇಡಿಸಿದಳು. ಕೋಳಿ ಪುಕ್ಕದಲ್ಲಿ ಒಂದೊಂದನ್ನೇ ಝಾಡಿಸಿದಳು. ಕೆಲಸ ಮುಗಿದ ಮೇಲೆ ಭಾವನ ಮುಂದೆ ಬಂದು ನಿಂತು, “ನನ್ ಪಾಲು ಕೊಟ್ಬುಡಿ ಭಾವ” ಎಂದಳು.

ಪಾಲು ಮಾಡಿಸಲು ಮನೆತನಕ್ಕೆ ಬೇಕಾದ ಹಿರಿಯರಾದ ರುದ್ರಯ್ಯನವರು ಬಂದರು. ಊರವರಿಗೆ ಅವರು ಅಯ್ನೋರು. ಪಾಲಿಗೆ ನಮ್ಮಲ್ಲೊಂದು ಕ್ರಮ ಉಂಟು. ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಯಾವುದು ತನಗೆ ಬರುತ್ತದೋ ಗೊತ್ತಿಲ್ಲದ್ದರಿಂದ ಹಿರಿಯ ತಕ್ಕಡಿ ಸಮ ಹಿಡಿಯುತ್ತಾನೆ. ಅಂಗಡಿ ಮತ್ತು ವಾಸದ ಮನೆ ಒಂದು ಪಾಲಿಗೆ ಬಂದವು. ಮಗ್ಗೆ ಕಡೆಯ ಕಾಫಿ ತೋಟ, ಮನೆಯ ರಸ್ತೆ ಬದಿಯ ಕೋಣೆ, ಪಕ್ಕದ ಖಾಲಿ ಜಾಗ, ಹೆಸರು ಬರೆಯುವ ಮಿಷನ್ ಇನ್ನೊಂದಕ್ಕೆ. ಗಂಡನ ಜಾಗದಲ್ಲಿ ಕೂತ ಪಾರ್ವತಮ್ಮ ಎರಡನೆಯದನ್ನು ಆರಿಸಿಕೊಂಡಳು. ಮಧ್ಯಾಹ್ನದ ಊಟದೊಳಗೆ ಎಲ್ಲ ಮುಗಿದು ಹೋಗುತ್ತಿತ್ತು, ದೇವೀರಪ್ಪ ಬೀರಿನ ಕಡೆ ಬೆರಳು ತೋರಿಸದೇ ಇದ್ದಿದ್ದರೆ.

“ಅದೂ ಪಾಲಾಗ್ಲಿ ಅಯ್ನೋರೆ.”

“ಅದು ನಂದು,” ಎಂದಳು ಪಾರ್ವತಮ್ಮ.

“ಪಾತ್ರೆ ಕೊಟ್ಟು ತಂದಿದ್ದಲ್ವಾ? ಒಟ್ಟಿಗಿದ್ದಾಗ ಬಂದಿದ್ದೆಲ್ಲ ಒಟ್ಟಿಂದೇ.”

“ಅಂಗ್ಡಿ ಪಾತ್ರೆ ಅಲ್ಲ ಭಾವ. ತವ್ರಿಂದು. ನಮ್ಮಪ್ಪನ ಹೆಸ್ರಿತ್ತು ಅದ್ರ ಮೇಲೆ.”

“ಹೆಣ್ ತಂದಿದ್ ಪಾತ್ರೆ ಮನೆ ಪಾತ್ರೆ.”

ದೇವೀರಪ್ಪನಿಗೆ ಆ ಸವಾರರು ಬೇಕಾಗಿರಲಿಲ್ಲ. ಅವನು ಒಂದು ದಿನವೂ ಅವುಗಳ ಮುಖ ನೋಡಿದವನಲ್ಲ. ತನ್ನ ಮನೆಯಲ್ಲಿ ಒಂದು ವಸ್ತು ತಮ್ಮನ ಹೆಂಡತಿಯದ್ದು ಮಾತ್ರವಾಗಿ ಇತ್ತು ಎಂದು ನಾಲ್ಕು ಜನರ ಮುಂದೆ ಒಪ್ಪುವುದು ಅವನಿಂದ ಆಗುತ್ತಿರಲಿಲ್ಲ.

ರುದ್ರಯ್ಯನವರಿಗೆ ಹಸಿವಾಗಿತ್ತು. ಬೀರು ತೆಗೆಸಿ ಎಣಿಸಿದರು. ಹನ್ನೊಂದು. “ಆಕೆಗೆ ಆರು, ನಿನಗೈದು. ಒಪ್ಕೊಳಪ್ಪ” ಎಂದರು.

“ಸಮಪಾಲು ಅಂದ್ರೆ ಸಮಪಾಲು ಅಯ್ನೋರೆ.”

“ಒಂದೂ ಒಡಿಯೋ ಹಂಗಿಲ್ಲ,” ಎಂದಳು ಪಾರ್ವತಮ್ಮ. “ಹನ್ನೊಂದೂ ಒಂದೇ ಜೊತೆ. ಆರು ವರ್ಷ ಅಲ್ದು ಕೂಡ್ಸಿದೀನಿ.”

ರುದ್ರಯ್ಯನವರು ಒಂದನ್ನು ಕೈಗೆತ್ತಿಕೊಂಡು ಕುದುರೆಯ ಹೊಟ್ಟೆಯ ಕೆಳಗೆಲ್ಲ ಇಣುಕಿದರು. ತಿರುಗಿಸುವಾಗ ಸವಾರ ಕಳಚಿ ಅವರ ಅಂಗೈಗೆ ಬಿದ್ದ. ಸವಾರನ ಕೆಳಗೊಂದು ಸಣ್ಣ ಮೊಳೆ, ಜೀನಿನಲ್ಲಿ ಅದು ಕೂರುವ ತೂತು. ಅಯ್ನೋರ ಮುಖ ಅರಳಿತು.

“ಓ! ಇವು ಬೇರೆ ಬೇರೆ ಅಲ್ವೇನೋ ಮಾರಾಯ! ಹಂಗಾದ್ರೆ ತಕರಾರೇ ಇಲ್ಲ. ಕುದುರೆ ಒಂದ್ ಪಾಲು, ಸವಾರ್ರು ಒಂದ್ ಪಾಲು. ಹನ್ನೊಂದು, ಹನ್ನೊಂದು.”

ಜನ ನಕ್ಕರು. ಪಾರ್ವತಮ್ಮನಿಗೆ ಹೊಟ್ಟೆ ಉರಿದುಹೋಯಿತು. ಇಷ್ಟು ವಯಸ್ಸಾದ ಮನುಷ್ಯ, ಎಷ್ಟೋ ಮನೆಗಳನ್ನು ಸರಿಯಾಗಿ ಪಾಲು ಮಾಡಿದವರು, ಊಟ ತಡವಾಯಿತೆಂದು ಹೀಗೆ ಮಾಡಬಹುದೇ? ಅತ್ತರೆ ಭಾವ ಗೆದ್ದ ಹಾಗೆ. ಅವಳು ಅಳಲಿಲ್ಲ. ದೇವೀರಪ್ಪ ತಾನೇ ಎದ್ದು ಸವಾರರನ್ನೆಲ್ಲ ಕಳಚಿ ಒಂದು ತಟ್ಟೆಗೆ ಹಾಕಿದ, ಕುದುರೆಗಳನ್ನು ಇನ್ನೊಂದು ತಟ್ಟೆಯಲ್ಲಿ ನಿಲ್ಲಿಸಿದ. “ಆರಿಸ್ಕೊ” ಎಂದ.

ಎಲ್ಲರೂ ಅವಳು ಸವಾರರನ್ನೇ ತೆಗೆದುಕೊಳ್ಳುತ್ತಾಳೆ ಎಂದುಕೊಂಡಿದ್ದರು. ಗುರಾಣಿಯ ಸಿಂಹ, ಶಿರಸ್ತ್ರಾಣದ ಗರಿ, ಕಣ್ಣಿನ ಸೀಳಿನೊಳಗಿನ ಬಿಳಿ ಚುಕ್ಕೆ, ಸೂಕ್ಷ್ಮ ಕೆಲಸವೆಲ್ಲ ಇದ್ದದ್ದು ಅವರ ಮೇಲೆಯೇ. ಪಾರ್ವತಮ್ಮ ಎರಡೂ ತಟ್ಟೆ ನೋಡಿದಳು. ಒಂದರಲ್ಲಿ ಕುದುರೆಗಳು ತಮ್ಮ ಕಾಲ ಮೇಲೆ ತಾವು ನಿಂತಿದ್ದವು. ಇನ್ನೊಂದರಲ್ಲಿ ಸವಾರರು ಕಾಲಗಲಿಸಿಕೊಂಡು, ನಿಲ್ಲಲೂ ಆಗದೆ ಕೂರಲೂ ಆಗದೆ ಒಬ್ಬರ ಮೇಲೊಬ್ಬರು ಉರುಳಿಕೊಂಡಿದ್ದರು. ಅವಳು ಕುದುರೆಗಳ ತಟ್ಟೆ ಎತ್ತಿಕೊಂಡಳು.

“ಕುದುರೆ ಸಾಕು ನಂಗೆ. ಹತ್ತಿದೋರನ್ನ ನೀವೇ ಸಾಕ್ಕೊಳಿ ಭಾವ.”

ರಸ್ತೆ ಬದಿಯ ಕೋಣೆಗೆ ಒಂದು ಬಾಗಿಲು ಒಡೆಸಿ ಪಾರ್ವತಮ್ಮ ತನ್ನದೇ ಅಂಗಡಿ ಹಾಕಿದಳು. ಪಾತ್ರೆ ಮಾರುವುದಿಲ್ಲ, ಹೆಸರು ಬರೆದುಕೊಡುವುದು. ಜನ ಅವಳ ಭಾವನ ಅಂಗಡಿಯಲ್ಲಿ ಪಾತ್ರೆ ಕೊಂಡು, ಹೆಸರಿಗೆ ಅವಳಲ್ಲಿಗೆ ಬರಬೇಕು. ದೇವೀರಪ್ಪ ಇನ್ನೊಂದು ಮಿಷನ್ ತಂದರೂ ಅವನ ಜಾರುವ ಅಕ್ಷರ ಯಾರಿಗೂ ಬೇಕಿರಲಿಲ್ಲ. ಹೆಂಗಸರು ಬಂದು ಯಜಮಾನರ ಹೆಸರು ಹೇಳಿದರೆ, “ನಿಮ್ದೂ ಹೇಳಿ, ಜಾಗ ಐತೆ” ಎನ್ನುತ್ತಿದ್ದಳು. ಕೆಲವರು ನಾಚಿ ಬೇಡವೆಂದರು. ಬಹಳ ಜನ ಹೇಳಿದರು.

ಗಾಜಿನ ಬೀರನ್ನು ಅವಳು ಗಿರಾಕಿಗಳು ನಿಲ್ಲುವ ಕಡೆಗೇ ತಿರುಗಿಸಿ ಇಟ್ಟಿದ್ದಳು. ಅದರೊಳಗೆ ಸಿಂಹದ ಬಟ್ಟೆ, ಹೂವಿನ ಬಟ್ಟೆ, ನೀಲಿ ಬಿಳಿ ಚೌಕಗಳ ಬಟ್ಟೆ ಹೊದ್ದ ಹನ್ನೊಂದು ಕುದುರೆಗಳು, ಬರಿ ಜೀನು. ಬಿಂದಿಗೆ ಕೊಟ್ಟು ಕಾಯುತ್ತಾ ನಿಂತವರು ಅದನ್ನು ನೋಡದೆ ಇನ್ನೇನು ನೋಡಬೇಕು?

“ಇವುಕ್ಕೆ ಮೇಲ್ ಕೂರೋರಿಲ್ವೇನಕ್ಕ?”

“ಅವ್ರೆ. ಭಾವನ ಮನೇಲವ್ರೆ. ಪಾಲಿಗೆ ಹೋದ್ರು. ಬೇಕಾದ್ರೆ ಹೋಗಿ ಕೇಳಿ,” ಎಂದು ಹೇಳಿ ಮಿಷನ್ ಒತ್ತುತ್ತಿದ್ದಳು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ.

ಜನ ಹೋಗಿ ಕೇಳಿಯೇ ಬಿಟ್ಟರು. ನಮ್ಮವರಿಗೆ ಇಂಥದ್ದಕ್ಕೆ ಎರಡು ಸಲ ಹೇಳಬೇಕಾಗಿಲ್ಲ. ಮುಚ್ಚಳ ಬದಲಾಯಿಸಲು ಬಂದವರು ಕೇಳಿದರು, ಕುಕ್ಕರಿನ ರಬ್ಬರ್ ಕೊಳ್ಳಲು ಬಂದವರು ಕೇಳಿದರು. ದೇವೀರಪ್ಪ ಮೊದಲು ಸವಾರರನ್ನು ಅಂಗಡಿಯಲ್ಲಿ ಸಾಲಾಗಿ ಒರಗಿಸಿಟ್ಟು ನೋಡಿದ. ಬಸ್ಸು ಹೋದರೆ ಸಾಕು, ಉರುಳುತ್ತಿದ್ದರು. ಕೊನೆಗೆ ಒಂದು ತಟ್ಟೆಗೆ ಅಕ್ಕಿ ಸುರಿದು, ಅದರೊಳಗೆ ಅವರ ಮೊಳೆ ಊರಿ ಕೂರಿಸಿದ. ಅದನ್ನು ನೋಡಿದ ಯಾರೋ, “ಏನ್ ದೇವೀರಪ್ಪೋರೆ, ಪಂಕ್ತೀಲಿ ಊಟಕ್ಕೆ ಕೂತಂಗವ್ರಲ್ಲ” ಎಂದರು. ಆವತ್ತೇ ಸವಾರರು ಒಂದು ಡಬ್ಬಿ ಸೇರಿದರು. ಅಷ್ಟು ಹೊತ್ತಿಗೆ ಊರಲ್ಲಿ ಅವನ ಹೆಸರು ಸವಾರ ದೇವೀರಪ್ಪ ಎಂದಾಗಿತ್ತು.

ಎರಡು ಸಾವಿರದ ಮೂರರಲ್ಲಿ ಪಾರ್ವತಮ್ಮ ಖಾಲಿ ಜಾಗದಲ್ಲಿ ಎರಡು ಕೋಣೆಯ ಮನೆ ಕಟ್ಟಿದಳು. ಮನೆ ಒಕ್ಕಲಿಗೆ ಬಂದ ಪಾತ್ರೆಗಳ ಮೇಲೆಲ್ಲ ಅವಳದ್ದೇ ಅಕ್ಷರ. ಯಾರು ಏನು ಕೊಡುತ್ತಾರೆ ಎಂದು ವಾರದ ಮೊದಲೇ ಅವಳಿಗೆ ಗೊತ್ತಿತ್ತು, ಗೊತ್ತಿಲ್ಲದವಳಂತೆ ಇಸಿದುಕೊಂಡಳು. ಗೊತ್ತಿಲ್ಲದೆ ಬಂದದ್ದು ಒಂದೇ. ದೇವೀರಪ್ಪ ಗರಿಗರಿ ಪಂಚೆ ಉಟ್ಟು ಬಂದು, ಎಲ್ಲರಿಗೂ ಕಾಣುವಂತೆ ಒಂದು ಹೊಸ ಸ್ಟೀಲ್ ಡಬ್ಬಿಯನ್ನು ಅವಳ ಮುಂದೆ ಹಿಡಿದ. ಹಾಸನಕ್ಕೆ ಹೋಗಿ ಹೆಸರು ಬರೆಸಿಕೊಂಡು ಬಂದಿದ್ದ. ಅಕ್ಷರ ಸೊಟ್ಟಗಿತ್ತು. ‘ಶ್ರೀ ದೇವೀರಪ್ಪನವರಿಂದ ಪ್ರೀತಿಯ ಉಡುಗೊರೆ.’ ಒಳಗೆ ಹನ್ನೊಂದೂ ಸವಾರರಿದ್ದರು.

“ಹೋಗ್ಲಿ, ಇಟ್ಕೊಳಮ್ಮ,” ಎಂದ. ದಾನ ಕೊಡುವ ದೊಡ್ಡ ಮನುಷ್ಯನ ದನಿ.

ಪಾರ್ವತಮ್ಮನ ಕೈ ಡಬ್ಬಿಯೊಳಗೆ ಇಳಿದೇ ಬಿಟ್ಟಿತ್ತು. ಐದು ವರ್ಷದ ಮೇಲೆ ಅವರನ್ನು ನೋಡುತ್ತಿದ್ದಾಳೆ, ಆಸೆ ಇಲ್ಲವೆಂದರೆ ಸುಳ್ಳು. ಸಿಂಹದ ಗುರಾಣಿ ಬೆರಳಿಗೆ ತಾಗಿತು. ಅದನ್ನು ಮುಟ್ಟಿ, ಮತ್ತೆ ಬಿಟ್ಟು, ಮುಚ್ಚಳ ಹಾಕಿ, ಡಬ್ಬಿಯನ್ನು ಭಾವನ ಕಡೆ ಸರಿಸಿದಳು.

“ನಂದನ್ನೇ ನಂಗೆ ಉಡುಗೊರೆ ಕೊಡ್ತೀರಾ ಭಾವ?”

ಊಟಕ್ಕೆ ಕೂತಿದ್ದ ರುದ್ರಯ್ಯನವರು ಎಲೆಯ ಮೇಲೆಯೇ ಕಣ್ಣಿಟ್ಟರು. ದೇವೀರಪ್ಪ ಡಬ್ಬಿ ಕಂಕುಳಿಗೆ ಸಿಕ್ಕಿಸಿಕೊಂಡು ಊಟ ಮಾಡದೆ ಹೊರಟುಹೋದ. ಆಮೇಲೆ ಒಬ್ಬಿಬ್ಬರು ಪಾರ್ವತಮ್ಮನಿಗೆ ಬುದ್ಧಿ ಹೇಳಿದರು, ಕೈಗೆ ಬಂದದ್ದನ್ನು ಕಳೆದುಕೊಂಡೆ, ಇಷ್ಟು ಹಟ ಒಳ್ಳೆಯದಲ್ಲ ಎಂದು. ಅವಳು, “ಹಟ ಇಲ್ದಿದ್ರೆ ಹನ್ನೊಂದು ಕೂಡ್ತಿದ್ವಾ?” ಎಂದು ಪಾಯಸ ಬಡಿಸಲು ಹೋದಳು. ಜನ ಹೋದ ಮೇಲೆ ಬೀರಿನ ಮುಂದೆ ನಿಂತು, ಇನ್ನು ಸವಾರರು ಬರುವುದೇ ಇಲ್ಲವೇನೋ ಎಂದು ಬರಿ ಜೀನುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ್ದನ್ನು ಯಾರಿ‍ಗೂ ಹೇಳಲಿಲ್ಲ.

ಮಾರನೇ ವರ್ಷ ದೇವೀರಪ್ಪನ ಮಗಳು ಮೋನಿಕಾಳನ್ನು ನೋಡಲು ಗಂಡಿನ ಕಡೆಯವರು ಬಂದರು. ಒಳ್ಳೆಯ ಮನೆತನ. ಕಾಫಿ ಬರುವ ಮೊದಲೇ ಗಂಡಿನ ದೊಡ್ಡಪ್ಪ ಮೀಸೆಯಡಿಯಲ್ಲಿ ನಗುತ್ತಾ ಕೇಳಿದರು: “ತಮ್ಮನ ಹೆಂಡ್ತಿ ಕುದ್ರೆಯಿಂದ ಸವಾರ್ರನ್ನ ಇಳಿಸ್ಕೊಂಡ್ ಬಂದ ದೇವೀರಪ್ಪ ನೀವೇನಾ?” ಸಂಬಂಧವೇನೋ ಕೂಡಿಬಂತು. ಆದರೆ ಆ ಮನೆಯ ಬೀಗರ ಮುಂದೆ ಜೀವಮಾನವೆಲ್ಲ ಈ ಮಾತು ಕೇಳಬೇಕಾಗುತ್ತದೆ ಎಂದು ದೇವೀರಪ್ಪನಿಗೆ ಖಾತ್ರಿಯಾಯಿತು.

ಮದುವೆಯ ಕಾಲ. ಪಾರ್ವತಮ್ಮನ ಅಂಗಡಿ ಮುಂದೆ ಹೆಂಗಸರು ಬಿಂದಿಗೆ, ಪರಾತ ಹಿಡಿದು ನಿಂತಿದ್ದರು. ದೇವೀರಪ್ಪ ಅವರ ಮಧ್ಯೆ ದಾರಿ ಮಾಡಿಕೊಂಡು ಬಂದು ಅದೇ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಈ ಸಲ ಮನೆಯಲ್ಲಿ ಉಡುವ ಮಾಸಲು ಪಂಚೆ, ಹೆಗಲ ಮೇಲೊಂದು ಟವಲು.

“ಇವು ನಿಂದು,” ಎಂದ, ತಗ್ಗಿದ ದನಿಯಲ್ಲಿ.

“ಜೋರಾಗ್ ಹೇಳಿ ಭಾವ. ಮಿಷನ್ ಸದ್ದು.”

ಮಿಷನ್ ನಿಂತಿತ್ತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ದೇವೀರಪ್ಪನಿಗೂ ಗೊತ್ತಿತ್ತು. ಅವನು ಟವಲಿನಲ್ಲಿ ಮುಖ ಒರೆಸಿಕೊಂಡ.

“ನಿಂದು ಅಂದೆ ಕಣಮ್ಮ. ಪಾಲಿನ್ ದಿನಾನೂ ನಿಂದೇ ಆಗಿತ್ತು. ನಾನ್ ಕೇಳ್ಬಾರ್ದಿತ್ತು.”

ಪಾರ್ವತಮ್ಮ ಎದ್ದು ಬೀರಿನ ಬಾಗಿಲು ತೆಗೆದಳು. ಡಬ್ಬಿಯಿಂದ ಒಬ್ಬೊಬ್ಬನನ್ನೇ ಎತ್ತಿ, ಪುಕ್ಕದಲ್ಲಿ ಅಕ್ಕಿಯ ಹುಡಿ ಝಾಡಿಸಿ, ಅವನವನ ಕುದುರೆಯ ಮೇಲೆ ಕೂರಿಸಿದಳು. ಒಂದೂ ತಪ್ಪಲಿಲ್ಲ. ಕುಂಕುಮದ ಹಣೆಯ ಕುದುರೆಯ ಮೇಲೆ ಕೊನೆಯವನನ್ನು ಒತ್ತಿ ಕೂರಿಸುವಾಗ ಅವಳ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ. ಗಿರಾಕಿಗಳು ಪಾತ್ರೆ ಕೆಳಗಿಟ್ಟು ಗಾಜಿನ ಹತ್ತಿರ ಬಂದರು. ದೇವೀರಪ್ಪನೂ ಬಗ್ಗಿ ನೋಡಿದ, ಬಹುಶಃ ಮೊದಲ ಸಲ.

ಅವನು ಹೊರಡಲು ತಿರುಗಿದಾಗ ಪಾರ್ವತಮ್ಮ “ನಿಲ್ಲಿ ಭಾವ” ಎಂದಳು. ಒಬ್ಬರ ಮನೆಯಿಂದ ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದಲ್ಲ. ಒಳಗೆ ಹೋಗಿ ಒಂದು ಹಿಡಿ ಸಕ್ಕರೆ ಹಾಕಿ, ಮುಚ್ಚಳ ಬಿಗಿದು, ಸೊಟ್ಟ ಅಕ್ಷರ ಅವನ ಕಡೆ ಬರುವಂತೆ ತಿರುಗಿಸಿ ಕೈಗಿಟ್ಟಳು.

“ಡಬ್ಬಿ ನಿಮ್ದು. ಹೆಸ್ರೈತೆ ನೋಡಿ.”